ಮೂಡು ಬದಿಯ ಕೋಣೆ

ಏಪ್ರಿಲ್ ತಿಂಗಳ ಮೊದಲ ಭಾನುವಾರ ಸುಗಂಧಿ ಲಂಡನ್ನಿನ ಹ್ಯಾರೋದ ಹಿತ್ತಿಲಿನಲ್ಲಿ ಮನೆ ಕಟ್ಟಲು ಶುರುಮಾಡಿದಳು. ಮೊದಲ ಗೂಟವನ್ನು ಅಣ್ಣ ವೆಂಕಪ್ಪನ ಕೈಯಲ್ಲೇ ಹೊಡೆಸಿದಳು.

"ಕುತ್ತಿ ಹಾಕುವುದು ಯಜಮಾನನ ಕೆಲಸ. ಊರಲ್ಲಿ ಹಾಕುವಾಗ ಕೈ ನಡುಗಬಾರದಲ್ಲ, ಈಗಲೇ ಅಭ್ಯಾಸ ಆಗಲಿ."

ವೆಂಕಪ್ಪನಿಗೆ ಎಪ್ಪತ್ತೆರಡು. ಮೂವತ್ತು ವರ್ಷ ವೆಂಬ್ಲಿಯ ಹೋಟೆಲೊಂದರ ಅಡುಗೆಮನೆಯಲ್ಲಿ ನಿಂತೇ ಇದ್ದು ಮಂಡಿ ಸವೆಸಿಕೊಂಡವನು. ಕಷ್ಟಪಟ್ಟು ಬಗ್ಗಿ, ಸೊಸೆ ಗೌತಮಿ ಟೊಮೆಟೊ ಗಿಡಕ್ಕೆಂದು ತಂದಿಟ್ಟಿದ್ದ ಬಿದಿರು ಕೋಲೊಂದನ್ನು ಹುಲ್ಲಿನೊಳಗೆ ಹೊಡೆದ. ಉಳಿದ ಕೋಲುಗಳನ್ನು ತಂಗಿ ತಾನೇ ನೆಟ್ಟಳು. ಕೋಲಿನಿಂದ ಕೋಲಿಗೆ ಗೋಣಿದಾರ ಎಳೆದು ಕಟ್ಟಿದಳು. ಅವಳ ಕೈಯಲ್ಲಿ ಊರಿನ ಶಿರ್ವದಲ್ಲಿ ವಾಸ್ತುವಿನ ಆಯ ನೋಡಿಸಿ ಬರೆಸಿ ತಂದಿದ್ದ ನಕ್ಷೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲೆ ಒಂದು ಚಾವಡಿ, ಎರಡು ಕೋಣೆ, ಅರ್ಧ ಅಡುಗೆಮನೆ ಎದ್ದಿದ್ದವು. ಅಡುಗೆಮನೆಯ ಇನ್ನರ್ಧಕ್ಕೆ ಬೇಲಿ ಅಡ್ಡ ಬಂತು. ಅದು ಪಕ್ಕದ ಮನೆಯ ಪಟೇಲರ ಗುಲಾಬಿ ಗಿಡಗಳ ನಡುವೆ ಬೀಳುತ್ತಿತ್ತು.

"ಒಲೆ ಅವರ ಕಡೆಗೆ ಹೋಯಿತು," ಎಂದಳು ಸುಗಂಧಿ. "ಅವರೇ ಬೇಯಿಸಿ ಕೊಡಲಿ."

ಮಾರ್ಚ್ ಕೊನೆಗೆ ಅವಳು ಊರಿಗೆ ಮರಳಬೇಕಿತ್ತು. ಕೊರೊನಾ ಬಂದು ವಿಮಾನಗಳೆಲ್ಲ ನಿಂತವು. ಜನವರಿಯಲ್ಲಿ ಮೂರು ತಿಂಗಳಿಗೆಂದು ಬಂದವಳು ಈಗ ಯಾವಾಗ ಹೋಗುವುದೆಂದು ಗೊತ್ತಿಲ್ಲದೆ ಅಣ್ಣನ ಮಗನ ಮನೆಯ ಸಣ್ಣ ಕೋಣೆಯಲ್ಲಿ ಉಳಿದಿದ್ದಳು. ಗೌತಮಿಗೆ ತುಳು ಬಾರದೆಂದು ಅಣ್ಣನ ಜೊತೆಯೂ ಕನ್ನಡವನ್ನೇ ಆಡುತ್ತಿದ್ದಳು.

ಸಂಜೆ ಫಾರ್ಮಸಿಯ ಕೆಲಸ ಮುಗಿಸಿ ಬಂದ ಗೌತಮಿ ಹಾಕಿದ್ದ ಬಟ್ಟೆಯನ್ನು ಬಾಗಿಲಲ್ಲೇ ಕಳಚಿ ವಾಷಿಂಗ್ ಮೆಷಿನ್ನಿಗೆ ಹಾಕಿ, ಸ್ನಾನ ಮಾಡಿ, ಒಣಹಾಕಲು ಹಿತ್ತಿಲಿಗೆ ಬಂದಳು. ಬಟ್ಟೆಯ ತಂತಿ ಚಾವಡಿಯ ನಡುವೆ ಹಾದುಹೋಗುತ್ತಿತ್ತು.

"ಅತ್ತೆ, ನನ್ನ ಕೋಲುಗಳು."

"ಟೊಮೆಟೊ ಏಳಲಿಕ್ಕೆ ಇನ್ನೂ ಒಂದು ತಿಂಗಳು ಉಂಟಲ್ಲ ಮಗಾ. ಅಷ್ಟರಲ್ಲಿ ಕೊಡ್ತೇನೆ. ಆ ಕಡೆಯಿಂದ ಬಾ, ಅದು ಗೋಡೆ."

ಗೌತಮಿ ಗೋಡೆಯನ್ನು ಬಳಸಿ ಬಾಗಿಲಿನಿಂದ ಒಳಗೆ ಬಂದಳು. ಅವಳ ಹದಿಮೂರು ವರ್ಷದ ಮಗಳು ಸೃಷ್ಟಿ ಇದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡುತ್ತಾ ಪ್ರತಿ ಕೋಣೆಯ ಹೆಸರು ಕೇಳುತ್ತಿದ್ದಳು. ಪೂರ್ವದ ಕೋಣೆಗೆ ಬಂದಾಗ, "ಆಂಡ್ ಹೂಸ್ ಇಸ್ ದಿಸ್, ಅಜ್ಜಿ?" ಎಂದಳು.

"ಅದು ಒಬ್ಬರದ್ದು ಉಂಟು."

"ಹೂ?"

"ಕಟ್ಟಿದ ಮೇಲೆ ಹೇಳುವುದು."

ವೆಂಕಪ್ಪ ಅಷ್ಟರಲ್ಲಿ ಒಳಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆಯುತ್ತಿದ್ದ. ಬಹಳ ಹೊತ್ತು ತೊಳೆದ.

ಪಾದೂರಿನಲ್ಲಿ ಬಂಡೆ ಕೊರೆದು ದೇಶದ ಆಪತ್ಕಾಲಕ್ಕೆಂದು ಕಚ್ಚಾತೈಲ ತುಂಬಿಡುವ ಗುಹೆ ಮಾಡುವಾಗ ಇವರ ಕುಟುಂಬದ ಮನೆ ಅಡಿಸ್ಥಳ ಸಮೇತ ಹೋಗಿತ್ತು. ಪಹಣಿ ಇದ್ದದ್ದು ಯಜಮಾನ ವೆಂಕಪ್ಪನ ಹೆಸರಿನಲ್ಲಿ. ಅರ್ಧ ತಂಗಿಯದು ಎಂಬುದಕ್ಕೆ ಕಾಗದವಿರಲಿಲ್ಲ, ಅನುಮಾನವೂ ಇರಲಿಲ್ಲ. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ ಹೆಚ್ಚಿಸಿಕೊಂಡ ಪರಿಹಾರ ಕಳೆದ ವರ್ಷ ಲಂಡನ್ನಿಗೆ, ಅವನ ಖಾತೆಗೆ ಬಂದಿತ್ತು. ಸುಗಂಧಿ ಕಾಪುವಿನಲ್ಲಿ ಬಾಡಿಗೆಗೆ ಇದ್ದಳು. ಅಂಗನವಾಡಿಯಲ್ಲಿ ದುಡಿದ ಹಣದಲ್ಲಿ ಶಿರ್ವದಲ್ಲಿ ಎಂಟು ಸೆಂಟ್ಸ್ ಜಾಗ ಕೊಂಡಿಟ್ಟಿದ್ದಳು. ಕಟ್ಟಲು ಬೇಕಾದದ್ದು ಅಣ್ಣನ ಹತ್ತಿರವಿದ್ದ ಅವಳ ಪಾಲು. ಅದನ್ನು ಬಾಯಿಬಿಟ್ಟು ಕೇಳುವುದು ಅವರ ಮನೆಯ ಪದ್ಧತಿಯಲ್ಲ. ಯಜಮಾನ ತಾನಾಗಿ ತಂಗಿಯ ಕೈಗೆ ಹಾಕಬೇಕು. ಜನವರಿಯಿಂದ ಅವಳು ಕೇಳಿರಲಿಲ್ಲ. ಈಗ ಹಿತ್ತಿಲಿನಲ್ಲಿ ದಾರ ಕಟ್ಟಿದ್ದಳು.

*

ವೆಂಕಪ್ಪನ ಮಗ, ಗೌತಮಿಯ ಗಂಡ ಶ್ರವಣ್ ಕ್ಯಾನರಿ ವಾರ್ಫಿನಲ್ಲಿ ಹಡಗು ದಲ್ಲಾಳಿಗಳ ಕಂಪನಿಯೊಂದರಲ್ಲಿದ್ದ. ಎಣ್ಣೆ ಇದ್ದವರಿಗೆ ಹಡಗು, ಹಡಗು ಇದ್ದವರಿಗೆ ಎಣ್ಣೆ ಹೊಂದಿಸಿಕೊಡುವ ಕೆಲಸ. ಆಫೀಸು ಮುಚ್ಚಿದ ಮೇಲೆ ಊಟದ ಮೇಜೇ ಆಫೀಸಾಯಿತು. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು.

ಒಂದು ಮಧ್ಯಾಹ್ನ ಸುಗಂಧಿ ಸೋಫಾದಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಲ್ಯಾಪ್‌ಟಾಪಿನೊಳಗಿನ ಇಂಗ್ಲಿಷಿನವನೊಬ್ಬ 'ಪ್ಯಾಡೂರ್' ಎಂದ. ಅವಳ ಕೈ ನಿಂತಿತು. ಮಾತು ಮುಗಿದು ಶ್ರವಣ್ ಲ್ಯಾಪ್‌ಟಾಪ್ ಮುಚ್ಚುವವರೆಗೆ ಕಾದಳು.

"ಆ ದೊರೆಗೆ ನಮ್ಮ ಊರಲ್ಲಿ ಎಂತ ಕೆಲಸ ಮಾರಾಯ?"

"ಹಡಗು ಕಳಿಸುವ ಕೆಲಸ ಅತ್ತೆ. ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದಿದೆ. ಯಾರೂ ಕಾರು ತೆಗೆಯುವುದಿಲ್ಲ, ವಿಮಾನ ಹಾರುವುದಿಲ್ಲ, ಬಾವಿಯಿಂದ ಎಣ್ಣೆ ಬರುವುದು ಮಾತ್ರ ನಿಂತಿಲ್ಲ. ಇಡಲಿಕ್ಕೆ ಜಾಗ ಇಲ್ಲ. ಅಗ್ಗಕ್ಕೆ ಸಿಗುವಾಗ ಇಂಡಿಯಾ ಗುಹೆ ತುಂಬಿಸಿಕೊಳ್ತಾ ಉಂಟು. ಪಾದೂರಿನದ್ದು ಅರ್ಧ ಖಾಲಿ ಇತ್ತಲ್ಲ."

"ಒಳ್ಳೆಯದೇ. ಮಳೆ ಹಿಡಿಯುವ ಮೊದಲು ನಾವು ಕುಚ್ಚಲಕ್ಕಿ ತುಂಬಿಸುವುದಿಲ್ಲವಾ, ಹಾಗೆ." ಅವಳು ಮತ್ತೆ ನಾರು ತೆಗೆಯತೊಡಗಿದಳು. "ಹಾಗಾದರೆ ನಮ್ಮ ದನದ ಕೊಟ್ಟಿಗೆಯ ಅಡಿಗೇ ಬರ್ತದೆ ಅದು."

"ಕೊಟ್ಟಿಗೆ ಎಲ್ಲಿ ಉಂಟು ಈಗ?"

"ಇತ್ತಲ್ಲ."

ಕಿಟಕಿಯ ಬಳಿ ಅನ್ನ ಉಣ್ಣುತ್ತಿದ್ದ ವೆಂಕಪ್ಪ ಕೇಳಿದ: "ಅದು ತುಂಬಿದರೆ ಬೆಲೆ ಏರಬೇಕಲ್ಲ ಶ್ರವಣ?"

"ಎಂಥದು ಏರುವುದು? ಆ ಗುಹೆ ಪೂರ್ತಿ ತುಂಬಿದರೂ ಪ್ರಪಂಚಕ್ಕೆ ಐದು ಗಂಟೆಗೆ ಸಾಕಾಗುವುದಿಲ್ಲ ಅಪ್ಪ."

"ಫೆಬ್ರವರಿಯಲ್ಲಿ ನೀನೇ ಹೇಳಿದ್ದಿಯಲ್ಲ."

"ನಾನೆಂತ ಹೇಳಿದ್ದೆ?"

ವೆಂಕಪ್ಪ ಎದ್ದ. ತಟ್ಟೆಯಲ್ಲಿ ಅರ್ಧ ಅನ್ನ ಉಳಿದಿತ್ತು. ಎಂದೂ ಒಂದು ಅಗುಳು ಬಿಡದವನು ಅದನ್ನು ಅಡುಗೆಮನೆಗೆ ಒಯ್ದು ಡಬ್ಬಿಗೆ ಸುರಿದ.

*

ಶನಿವಾರ ಬೆಳಿಗ್ಗೆ ವೆಂಕಪ್ಪ ಮಗನನ್ನು ಕಾರಿಗೆ ಕರೆದ. ಬ್ಯಾಟರಿ ಸಾಯದಿರಲೆಂದು ವಾರಕ್ಕೊಮ್ಮೆ ಕಾರನ್ನು ಮನೆಯ ಮುಂದೆಯೇ ಹದಿನೈದು ನಿಮಿಷ ಚಾಲೂ ಮಾಡಿಡುವುದು ಅವನ ಕೆಲಸವಾಗಿತ್ತು. ಇಬ್ಬರೂ ಕುಳಿತರು. ಎಂಜಿನ್ ಶುರುವಾಯಿತು. ಬೀದಿಯಲ್ಲಿ ಜನವಿರಲಿಲ್ಲ. ವೆಂಕಪ್ಪ ಫೋನನ್ನು ಮಗನ ಕೈಗೆ ಕೊಟ್ಟ.

"ಇದು ಯಾಕೆ ದಿನಾ ಕೆಂಪು ತೋರಿಸುವುದು, ನೋಡು."

ಶ್ರವಣ್ ನೋಡಿದ: ಎಣ್ಣೆಯ ಬೆಲೆಯ ಮೇಲೆ ಹಣ ಹೂಡುವ ಫಂಡೊಂದರ ಲೆಕ್ಕ. ಬೆರಳಿನಿಂದ ಕೆಳಗೆ ಸರಿಸಿದ. ಮತ್ತೆ ಮೇಲಕ್ಕೆ ಸರಿಸಿದ.

"ಇದನ್ನು ಯಾವಾಗ ತಗೊಂಡಿರಿ?"

"ಮಾರ್ಚಿನಲ್ಲಿ. ಒಂದೇ ದಿನ ಮೂರರಲ್ಲಿ ಒಂದು ಪಾಲು ಇಳಿಯಿತಲ್ಲ, ಆವತ್ತು. ಇದಕ್ಕಿಂತ ಕೆಳಗೆ ಹೋಗಲಿಕ್ಕಿಲ್ಲ ಅಂತ."

"ಇದು ಮೂರು ಪಟ್ಟಿನದ್ದು ಅಪ್ಪ. ಎಣ್ಣೆ ಒಂದು ಇಳಿದರೆ ಇದು ಮೂರು ಇಳಿಯುತ್ತದೆ."

"ಏರಿದರೆ ಮೂರು ಏರುತ್ತದೆ ಅಂತಲೂ ಬರೆದಿತ್ತು."

"ಯಾವ ದುಡ್ಡು ಇದು?"

ವೆಂಕಪ್ಪ ಸ್ಟೀರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಪಾದೂರಿನದ್ದು."

"ನಿಮ್ಮ ಪಾಲಾ?"

"ಎರಡೂ."

ಶ್ರವಣ್ ಕೀ ತಿರುಗಿಸಿ ಎಂಜಿನ್ ಆರಿಸಿದ.

"ನೀನೇ ಊಟಕ್ಕೆ ಕೂತಾಗ ಹೇಳಿದ್ದು," ಎಂದ ವೆಂಕಪ್ಪ. "ಬೆಲೆ ಇಳಿದರೆ ಪಾದೂರಿನ ಗುಹೆ ತುಂಬಿಸ್ತಾರೆ ಅಂತ. ಹೊರಗಿನವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತುಂಟು ಅಂತ ಅಂದುಕೊಂಡೆ. ನಮ್ಮ ಮನೆ ಇದ್ದ ಜಾಗ ಅದು. ಅದರ ಆಳ ನಾನು ನೋಡಿದ್ದೇನೆ. ಅಷ್ಟು ದೊಡ್ಡ ಬಾಯಿ ತೆರೆದು ಕೂತಿರುವಾಗ ಬೆಲೆ ಏರದೆ ಎಲ್ಲಿಗೆ ಹೋಗ್ತದೆ?"

"ಹಳ್ಳ ನೋಡಿದ್ದೀರಿ, ಸಮುದ್ರ ನೋಡಲಿಲ್ಲ."

"ದೊಡ್ಡ ಮನೆ ಕಟ್ಟಲಿ ಅವಳು ಅಂತ ಮಾಡಿದೆ. ಎರಡು ಪಟ್ಟು ಮಾಡಿ ಕೊಡುವ ಅಂತ."

"ಇವತ್ತೇ ಮಾರಿ. ಉಳಿದದ್ದಾದರೂ ಕೈಗೆ ಬರ್ತದೆ."

"ಮಾರಿದರೆ ಹೋದದ್ದು ಹೋಯಿತು ಅಂತ ಆಯಿತಲ್ಲ. ಹಡಗು ಹೋಗಿ ಮುಟ್ಟಲಿ. ಗುಹೆ ತುಂಬಲಿ. ಆಮೇಲೆ ನೋಡುವ."

"ಅತ್ತೆಗೆ ಹೇಳಿ."

"ಅವಳು ಕೇಳಲಿಲ್ಲವಲ್ಲ."

"ಹಿತ್ತಿಲಿನಲ್ಲಿ ದಾರ ಕಟ್ಟಿ ಕೂತಿದ್ದಾರೆ ಅಪ್ಪ. ಇನ್ನು ಹೇಗೆ ಕೇಳುವುದು ಅವರು?"

ಮನೆಯ ಒಳಗಿನಿಂದ ಸುಗಂಧಿ ಕಿಟಕಿಯ ಗಾಜಿಗೆ ಬಡಿದು, ದೋಸೆ ಆರುತ್ತಿದೆ ಎಂದು ಕೈಸನ್ನೆ ಮಾಡಿದಳು.

*

ಗೌತಮಿಗೆ ಅದು ಎರಡು ದಿನದಲ್ಲಿ ಗೊತ್ತಾಯಿತು. ಶ್ರವಣ್ ತಾನೇ ಹೇಳಿದ. ಅಟ್ಟವನ್ನು ಕೋಣೆ ಮಾಡಿಸಿ ಸೃಷ್ಟಿಗೆ ಕೊಡಲೆಂದು ಗಂಡಹೆಂಡತಿ ನಾಲ್ಕು ವರ್ಷದಿಂದ ಉಳಿಸುತ್ತಿದ್ದ ಹಣದಲ್ಲಿ ಅತ್ತೆಯ ಪಾಲನ್ನು ತುಂಬಿಸಿಬಿಡೋಣವೆಂದ. ಗೌತಮಿ ಚಪಾತಿ ಹಿಟ್ಟು ನಾದುತ್ತಿದ್ದಳು. ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತು ಸಿಕ್ಕ ಕೊನೆಯ ಪ್ಯಾಕೆಟ್ ಅದು.

"ಅವ್ರಿಗೆ ಗೊತ್ತಾಗದ ಹಾಗೆ?"

"ಹೌದು. ಅಪ್ಪನ ಕೈಯಲ್ಲೇ ಕೊಡಿಸುವುದು."

"ಅಂದ್ರೆ ಮಾವ ದೊಡ್ಡವ್ರಾಗೇ ಉಳಿಬೇಕು, ಅದಕ್ಕೆ ನಾನು ಮಾಸ್ಕ್ ಹಾಕ್ಕೊಂಡು ದಿನಾ ಕೆಮ್ಮೋರ ಮುಂದೆ ನಿಂತು ದುಡಿದದ್ದು ಹೋಗ್ಬೇಕು."

"ಹಾಗಲ್ಲ."

"ಹೇಗೆ ಮತ್ತೆ? ಕೊಡೋದಕ್ಕೆ ನಾನು ಬೇಡ ಅನ್ನಲ್ಲ ಶ್ರವಣ್. ಪೂರ್ತಿ ಆಗಲ್ಲ, ಅರ್ಧ ಕೊಡೋಣ. ಆದ್ರೆ ಮೊದ್ಲು ಆಯಮ್ಮಂಗೆ ಹೇಳ್ಬೇಕು. ಹೇಳದೆ ಕೊಡೋದಾದ್ರೆ ಒಂದು ಪೆನ್ನಿಯೂ ಇಲ್ಲ."

"ಅಪ್ಪ ಹೇಳುವುದಿಲ್ಲ."

"ಹಾಗಾದ್ರೆ ನಾನು ಬಟ್ಟೆ ಒಣಹಾಕೋಕೆ ಆ ಮನೆ ಒಳಗೆ ಇನ್ನು ಹೋಗಲ್ಲ. ದಿನಾ ಆಯಮ್ಮ 'ಬಾಗಿಲಿಂದ ಬಾ ಮಗಾ' ಅಂದಾಗ ನಂಗೆ ಅವ್ರ ಮುಖ ನೋಡೋಕಾಗಲ್ಲ."

ಮರುದಿನದಿಂದ ಬಟ್ಟೆಗಳು ಒಳಗಿನ ರೇಡಿಯೇಟರ್‌ಗಳ ಮೇಲೆ ಒಣಗಿದವು. ಹೊರಗೆ ಇಷ್ಟು ಬಿಸಿಲಿರುವಾಗ ಯಾಕೆಂದು ಸುಗಂಧಿ ಕೇಳಿದಳು. ಗಾಳಿಯಲ್ಲಿ ಪರಾಗ ಇದೆ, ಮೈ ತುರಿಸುತ್ತದೆ ಎಂದಳು ಗೌತಮಿ.

*

ಏಪ್ರಿಲ್ ಇಪ್ಪತ್ತೊಂದರ ರಾತ್ರಿಯೂಟಕ್ಕೆ ಬೂತಾಯಿ ಪುಳಿಮುಂಚಿ ಇತ್ತು. ಲಾಕ್‌ಡೌನ್ ಶುರುವಾದ ಮೇಲೆ ಮೀನು ಸಿಕ್ಕಿದ್ದು ಅದೇ ಮೊದಲು. ಸುಗಂಧಿ ಮಧ್ಯಾಹ್ನವೇ ಮಸಾಲೆ ಅರೆದಿದ್ದಳು. ಸೃಷ್ಟಿ ಫೋನು ನೋಡಿ, ಅಮೆರಿಕದಲ್ಲಿ ಎಣ್ಣೆಯ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತಂತೆ, ಅಪ್ಪಾ, ಹೌ ಈಸ್ ದಟ್ ಈವನ್ ಪಾಸಿಬಲ್ ಎಂದು ಕೇಳಿದಳು.

"ಇಡಲಿಕ್ಕೆ ಜಾಗ ಇಲ್ಲದವರು ನಿನ್ನೆ ದುಡ್ಡು ಕೊಟ್ಟು ಸಾಗಹಾಕಿದರು," ಎಂದ ಶ್ರವಣ್, ತಟ್ಟೆಯಿಂದ ತಲೆ ಎತ್ತದೆ. "ಒಂದು ಪೀಪಾಯಿಗೆ ಮೂವತ್ತೇಳು ಡಾಲರ್."

"ತಗೊಂಡು ಹೋದವರಿಗೇ ದುಡ್ಡಾ?" ಸುಗಂಧಿ ನಕ್ಕಳು. "ಹಾಗಾದರೆ ನಮ್ಮ ಬಕೆಟು, ಕೊಡಪಾನ ಎಲ್ಲ ಹೊರಗೆ ಇಡುವ. ಅಣ್ಣ, ನಿನ್ನ ಹೋಟೆಲಿನ ದೊಡ್ಡ ಹಂಡೆ ಒಂದು ಗ್ಯಾರೇಜಿನಲ್ಲಿ ಉಂಟಲ್ಲ. ನನ್ನ ಮನೆಯ ಟೆರೇಸಿನ ಖರ್ಚು ಅದರಲ್ಲೇ ಹುಟ್ಟಲಿ."

"ಬಾಯಿ ಮುಚ್ಚು," ಎಂದ ವೆಂಕಪ್ಪ.

ಸೃಷ್ಟಿ ಫೋನು ಕೆಳಗಿಟ್ಟಳು. ಅಜ್ಜ ಹಾಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

 ಸುಗಂಧಿ ಸೌಟು ತೆಗೆದುಕೊಂಡು ಅಣ್ಣನ ತಟ್ಟೆಗೆ ಇನ್ನೊಂದು ಮೀನು ಬಡಿಸಿದಳು. "ಮುಳ್ಳು ನೋಡಿ ತಿನ್ನು," ಎಂದಳು.

ಆ ವಾರವೇ ವೆಂಕಪ್ಪ ಹಣ ಹಾಕಿದ್ದ ಫಂಡನ್ನು ಅದರ ಕಂಪನಿಯವರು ಮುಚ್ಚಿದರು. ಉಳಿದದ್ದನ್ನು ಖಾತೆಗೆ ಹಾಕಿದ್ದೇವೆಂದು ಇಮೇಲ್ ಬಂತು. ನೂರಕ್ಕೆ ನಾಲ್ಕು ಉಳಿದಿತ್ತು. ಇನ್ನು ಕಾಯುವುದಕ್ಕೂ ಏನೂ ಇರಲಿಲ್ಲ. ವೆಂಕಪ್ಪ ಶನಿವಾರ ಕಾರು ಓಡಿಸುವುದನ್ನು ಬಿಟ್ಟ. ಬೆಳಗಿನ ಕಾಫಿಯನ್ನು ಅಡುಗೆಮನೆಯ ಕಿಟಕಿಯ ಬಳಿ ಕುಡಿಯುತ್ತಿದ್ದವನು ಮುಂದಿನ ಕೋಣೆಗೆ ಒಯ್ಯತೊಡಗಿದ. ಅಲ್ಲಿಂದ ಬೀದಿ ಮಾತ್ರ ಕಾಣುತ್ತಿತ್ತು.

*

ಮೇ ತಿಂಗಳ ಎರಡನೆಯ ವಾರ ಭಾರತದ ಹೈಕಮಿಷನ್ನಿನಿಂದ ಫೋನ್ ಬಂತು. ಊರಿಗೆ ಹೋಗಲಾಗದೆ ಉಳಿದವರಿಗೆ ಬೆಂಗಳೂರಿಗೆ ವಿಮಾನ ಬಿಡುತ್ತಿದ್ದಾರೆ, ಒಂದು ಸೀಟು ಇದೆ, ಮೂರು ದಿನದಲ್ಲಿ ಹೊರಡಬೇಕು. ಸುಗಂಧಿ ಫೋನಿಟ್ಟು ಎಲ್ಲರನ್ನೂ ನೋಡಿದಳು. ಬಟ್ಟೆ ಮಡಚುವುದಾಗಿ ಹೇಳಿ ಮೇಲೆ ಹೋದವಳು ಅರ್ಧ ಗಂಟೆಯಲ್ಲಿ ಇಳಿದು ಬಂದು ಗೌತಮಿಯ ಹತ್ತಿರ ಕ್ಯಾಂಪಿಂಗಿನ ಸಣ್ಣ ಗ್ಯಾಸ್ ಒಲೆ ಕೇಳಿದಳು.

"ನಾಳೆ ಬೆಳಿಗ್ಗೆ ಹಾಲುಕ್ಕಿಸಿ ಹೋಗುವ ಅಂತ. ಅಲ್ಲಿ ಕಟ್ಟಿ ಮುಗಿಯುವಾಗ ನೀವೆಲ್ಲ ಬರುವುದು ಯಾವಾಗಲೋ."

ಆ ರಾತ್ರಿ ಗೌತಮಿ ಮಾವನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಮಾವ, ನಾಳೆ ನೀವು ಹೇಳ್ತೀರೋ, ನಾನು ಹೇಳ್ಬೇಕೋ?"

ವೆಂಕಪ್ಪ ಮಂಚದ ಅಂಚಿನಲ್ಲಿ ಕುಳಿತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಿದ್ದಿತ್ತು. ಸುಗಂಧಿ ಇಳಕಲ್ ಸೀರೆ ಉಟ್ಟು, ಮೇಲೆ ಶ್ರವಣನ ಹಳೆಯ ಫ್ಲೀಸ್ ಹಾಕಿಕೊಂಡು ಅರ್ಧ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದ್ದಳು. ಶ್ರವಣ್, ಗೌತಮಿ, ಸೃಷ್ಟಿ ಒಬ್ಬೊಬ್ಬರಾಗಿ ದಾರ ಬಿಟ್ಟಿದ್ದ ಜಾಗದಿಂದ ಒಳಗೆ ಬಂದು ಚಾವಡಿಯಲ್ಲಿ ನಿಂತರು. ಬೇಲಿಯ ಆಚೆಯಿಂದ ಮಿಸೆಸ್ ಪಟೇಲ್ ತಮ್ಮ ಪಾಲಿನ ಅಡುಗೆಮನೆಗೂ ಹಾಲು ಬೇಕೆಂದರು.

ವೆಂಕಪ್ಪ ಹೊಸ್ತಿಲಿಗೆ ಬಂದು ನಿಂತ.

"ಒಳಗೆ ಬಾ ಅಣ್ಣ. ಈಗ ಉಕ್ಕುತ್ತದೆ."

"ಇಲ್ಲೇ ಇರ್ತೇನೆ."

"ಯಜಮಾನ ಹೊರಗೆ ನಿಂತರೆ ಹೇಗೆ?"

"ದುಡ್ಡು ಇಲ್ಲ ಸುಗಂಧಿ."

ಅವಳು ಪಾತ್ರೆಯತ್ತ ನೋಡುತ್ತಿದ್ದಳು. "ಎಂತ ದುಡ್ಡು?"

"ಪಾದೂರಿನದ್ದು. ನಿನ್ನದು. ಎಣ್ಣೆಗೆ ಹಾಕಿದ್ದೆ. ಗುಹೆ ತುಂಬಿಸುವಾಗ ಏರ್ತದೆ ಅಂತ. ಹೋಯಿತು."

ಹಾಲು ಉಕ್ಕಿ ಬಂತು. ಬದಿಯಿಂದ ಇಳಿದು ಒಲೆಯ ಉರಿ ಚುಂಯ್ ಎಂದು ಆರಿತು. ಗೌತಮಿ ಬಗ್ಗಿ ಗ್ಯಾಸ್ ನಿಲ್ಲಿಸಿದಳು. ಸುಟ್ಟ ಹಾಲಿನ ವಾಸನೆ ಹಿತ್ತಿಲಿಡೀ ಹರಡಿತು. ಮಿಸೆಸ್ ಪಟೇಲ್ ಬೇಲಿಯಿಂದ ಮೆಲ್ಲಗೆ ಸರಿದರು.

"ನಿನ್ನ ಪಾಲು?" ಎಂದಳು ಸುಗಂಧಿ.

"ಅದೂ."

"ಎಷ್ಟು ಉಳಿಯಿತು?"

"ನೂರಕ್ಕೆ ನಾಲ್ಕು."

"ಯಾವಾಗ ಹಾಕಿದ್ದು?"

"ಮಾರ್ಚಿನಲ್ಲಿ."

"ನಾನು ಇಲ್ಲೇ ಇದ್ದೆನಲ್ಲ ಅಣ್ಣ ಮಾರ್ಚಿನಲ್ಲಿ. ನೀನು ದಿನಾ ನನ್ನ ಕೈಯ ಗಂಜಿ ಉಂಡದ್ದು. ಒಂದು ಮಾತು ಕೇಳಲಿಲ್ಲ."

"ಯಜಮಾನ ಕೇಳುವ ಕ್ರಮ ಇಲ್ಲವಲ್ಲ ಅಂತ."

"ಕೇಳುವ ಕ್ರಮ ನನಗೂ ಇರಲಿಲ್ಲ." ಅವಳ ಸ್ವರ ಏರಲಿಲ್ಲ. "ಕುತ್ತಿ ಹಾಕು ಅಂದಾಗ ಹಾಕಿದಿಯಲ್ಲ. ಆಗ ಗೊತ್ತಿತ್ತಾ ನಿನಗೆ?"

"ಅರ್ಧ ಹೋಗಿತ್ತು ಆಗ."

"ಅರ್ಧ ಇತ್ತು ಆಗ," ಎಂದಳು ಸುಗಂಧಿ.

ಶ್ರವಣ್ ಮುಂದೆ ಬಂದ. "ಅತ್ತೆ, ನಾನು, ಗೌತಮಿ ಮಾತಾಡಿದ್ದೇವೆ. ಪೂರ್ತಿ ಆಗುವುದಿಲ್ಲ. ನಿಮ್ಮ ಪಾಲಿನ ಅರ್ಧ ನಾವು ಕೊಡ್ತೇವೆ. ವಾಪಸು ಬೇಡ."

ಸುಗಂಧಿ ಗೌತಮಿಯ ಕಡೆಗೆ ತಿರುಗಿದಳು. "ನಿನ್ನ ಅಟ್ಟದ ದುಡ್ಡಾ ಅದು?"

"ಹೌದು ಅತ್ತೆ."

"ಮನಸ್ಸಿನಿಂದ ಕೊಡುವುದಾ?"

ಗೌತಮಿ ಒಲೆಯನ್ನು ಬದಿಗಿಟ್ಟಳು. "ಪೂರ್ತಿ ಮನಸ್ಸಿಂದ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಕೊಡ್ತೀನಿ."

"ಆಗಲಿ. ಬೇಡ ಅನ್ನುವ ಹಾಗೆ ಇಲ್ಲ ನಾನು. ಕಾಪುವಿನಲ್ಲಿ ಮಳೆಗೆ ಸೋರುತ್ತದೆ."

ಅವಳು ಸೆರಗು ಸಿಕ್ಕಿಸಿಕೊಂಡು ಚಾವಡಿಯ ನಡುವೆ ನಿಂತು ಮನೆಯನ್ನು ನೋಡಿದಳು. ಅರ್ಧ ದುಡ್ಡಿನ ಮನೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ಕಣ್ಣಿನಲ್ಲೇ ಅಳೆದಳು. ಅಡುಗೆಕೋಣೆಯ ದಾರ ಮುಟ್ಟಿದಳು, ಬಿಟ್ಟಳು. ತನ್ನ ಕೋಣೆಯ ದಾರ ಮುಟ್ಟಿದಳು, ಬಿಟ್ಟಳು. ಆಮೇಲೆ ಪೂರ್ವದ ಕೋಣೆಗೆ ಹೋಗಿ ಮೂಲೆಯ ಗಂಟು ಬಿಚ್ಚತೊಡಗಿದಳು. ಬಿಸಿಲು ಇಬ್ಬನಿಗೆ ದಾರ ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಡಿಸಿದಳು.

ಸೃಷ್ಟಿ ಈ ಸಲ ಕನ್ನಡದಲ್ಲೇ ಕೇಳಿದಳು. "ಅಜ್ಜಿ, ಇದು ಯಾರ ರೂಮು?"

"ಪಾದೂರಿನ ಮನೆಯಲ್ಲಿ ನಮ್ಮ ಸೋದರಮಾವ ಕೊನೆಗೆ ಇದ್ದದ್ದು ಮೂಡು ಬದಿಯ ಕೋಣೆಯಲ್ಲಿ," ಎಂದಳು ಸುಗಂಧಿ, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಊರೆಲ್ಲ ತಿರುಗಿ, ಬೊಂಬಾಯಿಯಲ್ಲಿ ದುಡಿದು, ಕಡೆಗೆ ಬಂದದ್ದು ಅಕ್ಕನ ಮನೆಗೆ. ನಮ್ಮಲ್ಲಿ ಹಾಗೆ. ಗಂಡಸು ಎಲ್ಲಿ ಬೇಕಾದರೂ ಇರಲಿ, ಕಣ್ಣು ಮುಚ್ಚುವುದಕ್ಕೆ ಅಕ್ಕತಂಗಿಯರ ಮನೆಯಲ್ಲಿ ಒಂದು ಕೋಣೆ ಇಡುವುದು. ನಿನ್ನ ಅಜ್ಜನಿಗೆ ಅಂತ ಹಾಕಿಸಿದ್ದೆ. ಕಿಟಕಿಯಿಂದ ಬಾವಿಕಟ್ಟೆ ಕಾಣುವ ಹಾಗೆ."

 ವೆಂಕಪ್ಪ ಇನ್ನೂ ದಾರದ ಹೊರಗೆ ನಿಂತಿದ್ದ. ಅವಳು ಉಂಡೆ ಸುತ್ತಿ ಮುಗಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೋಲು ನೀನೇ ಕೀಳು," ಎಂದಳು ಅಣ್ಣನಿಗೆ.

ಅವನು ಬಾಗಿಲಿನಿಂದ ಬರಲಿಲ್ಲ. ಹೊರಗಿನಿಂದಲೇ ಮನೆಯನ್ನು ಸುತ್ತಿ ಬಂದ. ಮೂವತ್ತು ವರ್ಷ ನಿಂತು ಸವೆದ ಮಂಡಿಯನ್ನು ಊರಿ, ಒಂದೊಂದೇ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತ. ಒಂದು ತಿಂಗಳಲ್ಲಿ ಅವುಗಳ ಸುತ್ತ ಹುಲ್ಲು ದಟ್ಟವಾಗಿ ಬೆಳೆದಿತ್ತು. ಶ್ರವಣ್ ಸಹಾಯಕ್ಕೆಂದು ಹೆಜ್ಜೆ ಇಟ್ಟಾಗ ಸುಗಂಧಿ ಅವನ ತೋಳು ಹಿಡಿದು ನಿಲ್ಲಿಸಿದಳು.

ನಾಲ್ಕನೆಯ ಕೋಲು ಬಂದ ಮೇಲೆ ವೆಂಕಪ್ಪ ಅವನ್ನು ಒಟ್ಟಿಗೆ ಹಿಡಿದು ತಂಗಿಯ ಕಡೆಗೆ ಚಾಚಿದ. ಅವಳು ತೆಗೆದುಕೊಂಡು, ತುದಿಗೆ ಅಂಟಿದ್ದ ಮಣ್ಣನ್ನು ಹುಲ್ಲಿಗೆ ತಟ್ಟಿ ಉದುರಿಸಿದಳು.

"ಗೌತಮಿ," ಎಂದು ಕರೆದಳು, "ಟೊಮೆಟೊ ಎದ್ದಿದೆಯಲ್ಲ. ಸದ್ಯಕ್ಕೆ ಈ ನಾಲ್ಕು ಇಟ್ಟುಕೋ."